ಅರ್ಜಿಯ ಹಾಳೆಯಲ್ಲಿ ನಾನು ಯಾರು?

ಪದವಿ ಮುಗಿಸಿದ ಮಗನೋ ಮಗಳೋ ಇರುವ ಮನೆಯಲ್ಲಿ ಒಂದು ಕಾಗದಕ್ಕೆ ಬಹಳ ಬೆಲೆ ಬಂದಿರುತ್ತದೆ. ಅದು ಉದ್ಯೋಗದ ಅರ್ಜಿ. ಅದರಲ್ಲಿಯೂ ಬ್ಯಾಂಕಿನ ನೌಕರಿಯೆಂದರೆ ನಮ್ಮ ಕುಟುಂಬಗಳಲ್ಲಿ ಇಂದಿಗೂ ಒಂದು ವಿಶೇಷ ಗೌರವವಿದೆ. ಆ ಅರ್ಜಿಯನ್ನು ಬಲವಾಗಿ ಸಿದ್ಧಪಡಿಸುವುದು ಹೇಗೆಂದು ಕಲಿಸುವ ತರಬೇತಿ ಕೇಂದ್ರಗಳು ಊರೂರಿನಲ್ಲಿವೆ. ಅವುಗಳ ಕೆಲಸವನ್ನು ನಾನು ಕಸಿದುಕೊಳ್ಳಲಾರೆ. ನಾನು ಕೇಳಬಯಸುವ ಪ್ರಶ್ನೆ ಅದಕ್ಕಿಂತ ಒಂದು ಹೆಜ್ಜೆ ಹಿಂದಿನದು: ತನ್ನ ಯೋಗ್ಯತೆಯನ್ನು ತಾನೇ ಹೇಳಿಕೊಳ್ಳಬೇಕಾದ ಹಾಳೆಯ ಮೇಲೆ ಮನುಷ್ಯನು ಸತ್ಯವಂತನಾಗಿ ಉಳಿಯುವುದು ಹೇಗೆ?

ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವಳು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕಡೆಯ ಒಬ್ಬ ತರುಣಿ. ವಾಣಿಜ್ಯ ಪದವೀಧರೆ. ತಂದೆಗೆ ಸ್ವಲ್ಪ ಹಿಪ್ಪುನೇರಳೆ ತೋಟ, ರೇಷ್ಮೆ ಸಾಕಣೆ. ತಾಯಿ ಊರಿನ ಸ್ತ್ರೀಶಕ್ತಿ ಸಂಘದ ಸದಸ್ಯೆ. ಖಾಸಗಿ ಬ್ಯಾಂಕೊಂದರ ಹುದ್ದೆಗೆ ಅರ್ಜಿ ಹಾಕುವವಳಿದ್ದಳು. ನನ್ನಿಂದ ಒಂದು ಶಿಫಾರಸು ಪತ್ರ ಬೇಕಾಗಿತ್ತು. ತಂದಿದ್ದ ಹಾಳೆಗಳನ್ನು ನಾನು ಓದಿದೆ. ‘ಲೆಕ್ಕಪತ್ರ ವಿಭಾಗದಲ್ಲಿ ಎರಡು ವರ್ಷಗಳ ಅನುಭವ’ ಎಂದು ಬರೆದಿತ್ತು. ಜೊತೆಗೆ ಬೆಂಗಳೂರಿನ ಅಂಗಡಿಯೊಂದರ ಮುದ್ರೆಯಿದ್ದ ಪತ್ರವೂ ಇತ್ತು.

“ಆ ಅಂಗಡಿಯಲ್ಲಿ ಎಷ್ಟು ದಿನ ಕೆಲಸ ಮಾಡಿದೆ?” ಎಂದು ಕೇಳಿದೆ.

ಆಕೆ ತಲೆ ತಗ್ಗಿಸಿದಳು. “ಒಂದು ದಿನವೂ ಇಲ್ಲ ಫಾದರ್. ಅದು ನಮ್ಮ ಸಂಬಂಧಿಕರ ಅಂಗಡಿ. ಎಲ್ಲರೂ ಹೀಗೆಯೇ ಹಾಕುತ್ತಾರೆ.”

“ಹಾಗಾದರೆ ಈ ಎರಡು ವರ್ಷ ಏನು ಮಾಡುತ್ತಿದ್ದೆ?”

“ಏನೂ ಇಲ್ಲ. ಸುಮ್ಮನೆ ಮನೆಯಲ್ಲಿದ್ದೆ.”

ಈ ಎರಡನೆಯ ಉತ್ತರವೂ ಮೊದಲನೆಯ ಬರಹದಷ್ಟೇ ಸುಳ್ಳಾಗಿತ್ತೆಂಬುದು ಮಾತು ಬೆಳೆದಂತೆ ತಿಳಿದುಬಂತು. ತಾಯಿಯ ಸಂಘದ ಲೆಕ್ಕದ ಪುಸ್ತಕವನ್ನು ಎರಡು ವರ್ಷಗಳಿಂದ ಬರೆಯುತ್ತಿದ್ದವಳು ಅವಳೇ. ವಾರ ವಾರ ಕೂಡುವ ಉಳಿತಾಯ, ಸದಸ್ಯೆಯರಿಗೆ ಕೊಟ್ಟ ಸಾಲ, ಬರಬೇಕಾದ ಬಡ್ಡಿ, ಸಭೆಯ ನಡಾವಳಿ, ಎಲ್ಲವೂ ಅವಳ ಕೈಬರಹದಲ್ಲಿದ್ದವು. ಸಂಘಕ್ಕೆ ಬ್ಯಾಂಕಿನ ಸಾಲ ಬೇಕಾದಾಗ ಅರ್ಜಿ ತುಂಬಿಸಿ, ಪಾಸ್‌ಬುಕ್ ಹಿಡಿದು, ಶಾಖೆಯ ಮುಂದೆ ಸರದಿಯಲ್ಲಿ ನಿಂತವಳೂ ಅವಳೇ. ಕಂತು ತಪ್ಪಿದ ಹೆಂಗಸಿನ ಮನೆಗೆ ಹೋಗಿ, ಅವಳ ಮಾನಕ್ಕೆ ಕುಂದು ಬಾರದಂತೆ ಮಾತನಾಡಿ, ಕಂತನ್ನು ಕಟ್ಟಿಸಿದ ಸಂದರ್ಭಗಳೂ ಇದ್ದವು. ಬ್ಯಾಂಕಿನ ಕೆಲಸವೆಂದರೆ ಇದಲ್ಲದೆ ಮತ್ತೇನು? ಆದರೆ ಇದರಲ್ಲಿ ಒಂದು ಸಾಲೂ ಅವಳ ಅರ್ಜಿಯಲ್ಲಿರಲಿಲ್ಲ. ಮಾಡದಿದ್ದುದನ್ನು ಬರೆದಿದ್ದಳು, ಮಾಡಿದ್ದನ್ನು ಅಳಿಸಿದ್ದಳು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ನೀತಿಶಾಸ್ತ್ರದ ಒಂದು ಪುಟ್ಟ ಅಧ್ಯಾಯವನ್ನು ನಾನು ಪರೀಕ್ಷೆಗೆಂದು ಓದಿ ಮರೆತಿದ್ದೆ. ಆ ದಿನ ಅದು ಮತ್ತೆ ನೆನಪಾಯಿತು. ತನ್ನ ಕುರಿತು ಮಾತನಾಡುವ ವಿಷಯದಲ್ಲಿ ಮನುಷ್ಯನು ಎರಡು ಕಡೆಗೆ ಜಾರಬಲ್ಲನೆಂದು ಆ ತತ್ತ್ವಜ್ಞಾನಿ ಹೇಳುತ್ತಾನೆ. ಒಂದು ಕಡೆ, ಇಲ್ಲದ್ದನ್ನು ಇದೆಯೆನ್ನುವ ಅಥವಾ ಇದ್ದುದನ್ನು ಹಿಗ್ಗಿಸುವ ಬಡಾಯಿಗಾರ. ಇನ್ನೊಂದು ಕಡೆ, ಇರುವುದನ್ನೇ ಇಲ್ಲವೆನ್ನುವ ಅಥವಾ ಕುಗ್ಗಿಸುವ ಸಂಕೋಚಿ. ಇವರ ನಡುವೆ ನಿಂತು, ಇದ್ದುದನ್ನು ಇದ್ದಷ್ಟೇ ಹೇಳುವವನು ಸತ್ಯವಂತ. ಸ್ವಲ್ಪ ಕಡಿಮೆ ಹೇಳುವುದು ಹೆಚ್ಚು ಹೇಳುವುದಕ್ಕಿಂತ ಸಭ್ಯವಾದುದೆಂದು ಅವನೂ ಒಪ್ಪುತ್ತಾನೆ. ಆದರೂ ಎರಡೂ ಸತ್ಯದಿಂದ ದೂರವೇ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದೇ ವಿಚಾರವನ್ನು ಎತ್ತಿಕೊಂಡು ಸತ್ಯನಿಷ್ಠೆಯನ್ನು ನ್ಯಾಯದ ಬಳಗಕ್ಕೆ ಸೇರಿಸಿದರು. ಮನುಷ್ಯರು ಕೂಡಿ ಬಾಳಬೇಕಾದರೆ ಒಬ್ಬರ ಮಾತನ್ನೊಬ್ಬರು ನಂಬಲು ಸಾಧ್ಯವಿರಬೇಕು. ಆದ್ದರಿಂದ ಸತ್ಯವು ನಾವು ಇತರರಿಗೆ ಸಲ್ಲಿಸಬೇಕಾದ ಒಂದು ಋಣ ಎಂಬುದು ಅವರ ವಿಚಾರದ ಸಾರ.

ನನ್ನೆದುರು ಕುಳಿತಿದ್ದ ತರುಣಿ ಒಂದೇ ಹಾಳೆಯ ಮೇಲೆ ಈ ಎರಡು ಕಡೆಗೂ ಜಾರಿದ್ದಳು. ಇದು ಅವಳೊಬ್ಬಳ ದೋಷವಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ನಾವು ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಅದು ಒಳ್ಳೆಯ ಮಾತೇ. ಆದರೆ ಕೊಡದಲ್ಲಿ ಎಷ್ಟು ನೀರಿದೆಯೆಂದು ಬಾಯಾರಿದವನು ಕೇಳಿದಾಗಲೂ ಸುಮ್ಮನಿರುವುದನ್ನು ವಿನಯ ಎನ್ನಲಾಗದು. ಅವಿಲದ ಸಂತ ತೆರೇಸಾರವರು ವಿನಯವನ್ನು ಸತ್ಯದಿಂದ ಬೇರ್ಪಡಿಸಲಿಲ್ಲ. ದೊರೆತ ವರವನ್ನು ವರವೆಂದು ಗುರುತಿಸುವುದೂ ವಿನಯವೇ. ಪ್ರಭು ಯೇಸು ಹೇಳಿದ ತಲಾಂತುಗಳ ಸಾಮತಿಯಲ್ಲಿ ಧಣಿಯ ಕೋಪಕ್ಕೆ ಗುರಿಯಾದವನು ಹಣವನ್ನು ಕದ್ದಿರಲಿಲ್ಲ, ಹೂತಿಟ್ಟಿದ್ದ. ಹಳ್ಳಿಯ ಕೆಲಸ, ಮನೆಯ ಕೆಲಸ, ಸಂಬಳವಿಲ್ಲದ ಹೆಣ್ಣುಮಕ್ಕಳ ಕೆಲಸ, ಇವು ಕೆಲಸವೇ ಅಲ್ಲವೆಂದು ನಾವೇ ಅವರಿಗೆ ಕಲಿಸಿ, ಆಮೇಲೆ ಪಟ್ಟಣದ ಅಂಗಡಿಯ ಸುಳ್ಳು ಮುದ್ರೆಗೆ ಅವರು ಕೈಚಾಚಿದಾಗ ಬೈಯುತ್ತೇವೆ.

ಆದರೂ ಅವಳ ವಾದವನ್ನು ಹಗುರವಾಗಿ ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ. “ಎಲ್ಲರೂ ಹೀಗೆಯೇ ಬರೆಯುತ್ತಾರೆ ಫಾದರ್. ಓದುವವರಿಗೂ ಅದು ಗೊತ್ತು. ಎಲ್ಲರ ಮಾತಿನಲ್ಲೂ ಅರ್ಧ ಕಳೆದೇ ಅವರು ಲೆಕ್ಕ ಹಾಕುತ್ತಾರೆ. ನಾನೊಬ್ಬಳು ಇದ್ದುದನ್ನು ಇದ್ದಷ್ಟೇ ಬರೆದರೆ ನನ್ನದರಲ್ಲೂ ಅರ್ಧ ಕಳೆಯುತ್ತಾರಲ್ಲವೇ?” ಎಂದಳು. ನೀವೇನು ಉತ್ತರ ಕೊಡುತ್ತಿದ್ದಿರಿ?

ಇದು ನಾಣ್ಯಕ್ಕೆ ತಾಮ್ರ ಬೆರೆಸುವವರ ವಾದ. ಎಲ್ಲರೂ ಬೆರೆಸಿದರೆ ನಾಣ್ಯದ ಬೆಲೆ ಕುಸಿಯುತ್ತದೆ. ಕುಸಿದ ಮೇಲೆ ಇನ್ನಷ್ಟು ಬೆರೆಸಬೇಕಾಗುತ್ತದೆ. ಆ ನಷ್ಟವನ್ನು ಕೊನೆಗೆ ಹೊರುವವರು ಯಾರು? ಸುಳ್ಳು ಪತ್ರ ಕೊಡುವ ಸಂಬಂಧಿಕರು ಪಟ್ಟಣದಲ್ಲಿಲ್ಲದವರು. ಅವಳಿಗಾದರೆ ಅಂಗಡಿಯಿರುವ ಸಂಬಂಧಿಕರಿದ್ದರು. ಪಕ್ಕದ ಬೀದಿಯ, ಯಾರ ಆಸರೆಯೂ ಇಲ್ಲದ, ಅಷ್ಟೇ ಓದಿದ ಹುಡುಗಿಗೆ ಅದೂ ಇಲ್ಲ. ಅರ್ಜಿಯಲ್ಲಿನ ಸುಳ್ಳು ದೊಡ್ಡ ಬ್ಯಾಂಕನ್ನು ವಂಚಿಸುವುದಕ್ಕಿಂತ ಮೊದಲು ಇನ್ನೊಬ್ಬ ಬಡ ಅಭ್ಯರ್ಥಿಯ ಸರದಿಯನ್ನು ಕಸಿದುಕೊಳ್ಳುತ್ತದೆ. ಅವಳ ಮುಖ ನಮಗೆ ಕಾಣಿಸುವುದಿಲ್ಲವಾದ್ದರಿಂದ ಆ ಪಾಪ ಹಗುರವೆನಿಸುತ್ತದೆ. ಸತ್ಯವು ನ್ಯಾಯದ ಬಳಗಕ್ಕೆ ಸೇರಿದ್ದೆಂಬ ಮಾತಿನ ಅರ್ಥ ಇದೇ.

ಹಾಗಾದರೆ ಅರ್ಜಿಯಲ್ಲಿ ಏನನ್ನೂ ಆರಿಸಬಾರದೇ? ನಮ್ಮ ಎಲ್ಲ ಕುಂದುಗಳನ್ನೂ ಪಾಪನಿವೇದನೆಯಂತೆ ಬರೆದು ಕೊಡಬೇಕೇ? ಖಂಡಿತ ಬೇಡ. ಇದಕ್ಕೆ ಅವಳ ಮನೆಯಲ್ಲಿಯೇ ಉದಾಹರಣೆಯಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾಗಿ 2025ರಲ್ಲಿ ಬೆಂಗಳೂರು ದಕ್ಷಿಣವೆಂದು ಹೆಸರು ಬದಲಾದ ಆ ಸೀಮೆಯ ರೈತರಿಗೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಪರಿಚಯಿಸಬೇಕಾಗಿಲ್ಲ. ಚಂದ್ರಿಕೆಯಿಂದ ಗೂಡು ಬಿಡಿಸಿದ ರೈತನು ಹಾಗೆಯೇ ಮೂಟೆ ಕಟ್ಟಿ ಒಯ್ಯುವುದಿಲ್ಲ. ಕಲೆಯಾದ ಗೂಡು, ತೆಳುವಾದ ಗೂಡು, ಎರಡು ಹುಳು ಸೇರಿ ಕಟ್ಟಿದ ಜೋಡಿಗೂಡು, ಇವನ್ನು ಬೇರ್ಪಡಿಸುತ್ತಾನೆ. ಇದು ವಂಚನೆಯಲ್ಲ, ಶ್ರದ್ಧೆ. ಕೊಳ್ಳುವವನಿಗೂ ಅದರಿಂದ ಉಪಕಾರವೇ. ಆದರೆ ಕಲೆಯಾದ ಗೂಡುಗಳನ್ನು ಕೆಳಗೆ ಹಾಕಿ, ಬಿಳಿಯ ಗೂಡುಗಳನ್ನು ಮೇಲೆ ಹರಡಿದರೆ ಅದು ವಂಚನೆ. ಮೊದಲನೆಯವನು ತನ್ನಲ್ಲಿರುವ ಒಳ್ಳೆಯದನ್ನು ಆರಿಸಿ ತೋರಿಸಿದ. ಎರಡನೆಯವನು ಒಳ್ಳೆಯದನ್ನು ಕೆಟ್ಟದ್ದರ ಮುಚ್ಚಳವಾಗಿ ಬಳಸಿದ. ಕೈಹಾಕಿ ತಳದ ಗೂಡನ್ನೆತ್ತಿ ನೋಡುವ ರೀಲರನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಸಂದರ್ಶನದಲ್ಲಿ ಕೂರುವ ಅಧಿಕಾರಿಯೂ ಅಂಥ ರೀಲರನೇ.

ಈ ವ್ಯತ್ಯಾಸವನ್ನು ಗುರುತಿಸಲು ಮೂರು ಪ್ರಶ್ನೆಗಳು ಸಾಕೆಂದು ನನಗನಿಸುತ್ತದೆ. ನಾನು ಬರೆದ ಈ ಸಾಲನ್ನು, ಆ ಕೆಲಸವನ್ನು ಕಣ್ಣಾರೆ ಕಂಡವರ ಮುಂದೆ ಗಟ್ಟಿಯಾಗಿ ಓದಬಲ್ಲೆನೇ? ಇದರ ಮೇಲೆ ಇನ್ನೆರಡು ಪ್ರಶ್ನೆ ಕೇಳಿದರೆ ತಡವರಿಸದೆ ಉತ್ತರಿಸಬಲ್ಲೆನೇ? ನಾನು ಬರೆಯದೆ ಬಿಟ್ಟದ್ದು ಮುಂದೆ ತಿಳಿದಾಗ, ಓದಿದವರಿಗೆ ತಾವು ಮೋಸಹೋದೆವೆನಿಸುವುದೇ?

ಇಂಥ ಕಟ್ಟುನಿಟ್ಟು ಬ್ಯಾಂಕಿನ ಉದ್ಯೋಗಕ್ಕೆ ಇನ್ನಷ್ಟು ಸಲ್ಲುತ್ತದೆ. ಏಕೆಂದರೆ ಬ್ಯಾಂಕು ವ್ಯಾಪಾರ ಮಾಡುವುದು ನಂಬಿಕೆಯನ್ನು. ಸಾಲಕ್ಕೆ ಇಂಗ್ಲಿಷರು ಬಳಸುವ ಕ್ರೆಡಿಟ್ ಎಂಬ ಪದ ನಂಬುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. ನಮ್ಮ ನಾಡಿನ ಬ್ಯಾಂಕುಗಳ ಕಥೆಯೂ ಇದನ್ನೇ ಹೇಳುತ್ತದೆ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘಕ್ಕೆ ಬಂಡವಾಳವಾದದ್ದು ಒಬ್ಬರನ್ನೊಬ್ಬರು ಬಲ್ಲ ಹಳ್ಳಿಗರ ವಿಶ್ವಾಸ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲವಾದ ನಿಧಿಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನೂ ಆರಂಭಿಸಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನು ಮನೆಬಾಗಿಲಿಗೆ ಬಂದ ಪ್ರತಿನಿಧಿಯ ಕೈಗೆ ಕೊಡುತ್ತಿದ್ದ ಬಡವಿಗೆ ಬ್ಯಾಂಕಿನ ಕಟ್ಟಡ ಕಾಣಿಸುತ್ತಿರಲಿಲ್ಲ. ಆ ಮನುಷ್ಯನ ಮುಖ ಮಾತ್ರ ಕಾಣಿಸುತ್ತಿತ್ತು. ಅವನ ಸತ್ಯವೇ ಅವಳ ಭದ್ರತೆಯಾಗಿತ್ತು. 2017ರಲ್ಲಿ ಮೈಸೂರು ಬ್ಯಾಂಕು, 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಆ ಹೆಸರಿನ ಫಲಕಗಳು ಇಳಿದವು. ಆದರೆ ಹಣ ಎಣಿಸುವ ಕೈಯ ಮೇಲಿನ ನಂಬಿಕೆಯ ಅಗತ್ಯ ಇಳಿದಿಲ್ಲ. ಬ್ಯಾಂಕಿನ ಸಂದರ್ಶನಕ್ಕೆ ಹೋಗುವ ಕನ್ನಡದ ಮಕ್ಕಳು ಈ ಕಥೆಯನ್ನು ತಿಳಿದುಹೋಗುವುದು ಒಳ್ಳೆಯದು.

ಸಾರ್ವಜನಿಕ ರಂಗದ ಬ್ಯಾಂಕುಗಳ ನೇಮಕಾತಿಗೆ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಅರ್ಜಿಯಲ್ಲಿ ನನ್ನ ಗಮನ ಸೆಳೆದ ಒಂದು ಅಂಶವಿದೆ. ಭಾವಚಿತ್ರ, ಸಹಿ, ಎಡಗೈ ಹೆಬ್ಬೆಟ್ಟಿನ ಗುರುತು, ಇವುಗಳ ಜೊತೆಗೆ ಅಭ್ಯರ್ಥಿಯು ತನ್ನ ಕೈಯಾರೆ ಒಂದು ಘೋಷಣೆಯನ್ನು ಇಂಗ್ಲಿಷಿನಲ್ಲಿ ಬರೆದು ಕಳುಹಿಸಬೇಕು. ತಾನು ಕೊಟ್ಟ ಮಾಹಿತಿಯೆಲ್ಲವೂ ಸತ್ಯವೆಂದೂ, ಕೇಳಿದಾಗ ದಾಖಲೆಗಳನ್ನು ಒದಗಿಸುವೆನೆಂದೂ ಅದರ ತಾತ್ಪರ್ಯ. ಬೇರೆಯವರು ಬರೆದುಕೊಡುವಂತಿಲ್ಲ. ಎಲ್ಲವನ್ನೂ ಯಂತ್ರವೇ ಮಾಡುವ ಕಾಲದಲ್ಲಿ ಈ ಒಂದು ಮಾತಿಗೆ ಸ್ವಂತ ಕೈಬರಹ ಬೇಕೆಂದರಲ್ಲ! ಸತ್ಯದ ಹೊಣೆಯನ್ನು ಇನ್ನೊಬ್ಬರಿಗೆ ವಹಿಸಲಾಗದು ಎಂಬುದನ್ನು ಆ ನಿಯಮ ನೆನಪಿಸುತ್ತದೆ. ಪದವಿಯ ಅಂಕಗಳ ವಿಷಯದಲ್ಲಿಯೂ ಅಲ್ಲಿ ಸಡಿಲವಿಲ್ಲ. ಶೇಕಡಾ 59.99 ಬಂದಿದ್ದರೆ ಅದನ್ನು 60 ಎಂದು ಪೂರ್ಣಗೊಳಿಸುವಂತಿಲ್ಲ.

ಇದೆಲ್ಲದರ ಬೆಳಕಿನಲ್ಲಿ ಗಟ್ಟಿಯಾದ ಅರ್ಜಿಯೆಂದರೇನು ಎಂದು ನಮ್ಮ ಯುವಜನರಿಗೆ ಹೇಳಬೇಕಾದರೆ, ನಾನು ಕೆಲವು ಸರಳ ಮಾತುಗಳನ್ನು ಹೇಳುತ್ತೇನೆ. ಪ್ರಕಟಣೆಯನ್ನು ಮೊದಲಿಂದ ಕೊನೆಯವರೆಗೆ ನೀವೇ ಓದಿ. ಸೈಬರ್ ಅಂಗಡಿಯವನು ತುಂಬಿಸಿದ ಅರ್ಜಿಗೆ ನೀವು ಓದದೆ ಸಹಿ ಹಾಕಬೇಡಿ. ಹೆಸರು, ಜನ್ಮದಿನಾಂಕ, ಅಂಕಗಳು ದಾಖಲೆಯಲ್ಲಿರುವಂತೆಯೇ ಇರಲಿ. ‘ಕಷ್ಟಪಟ್ಟು ದುಡಿಯುವವನು’, ‘ನಾಯಕತ್ವದ ಗುಣವುಳ್ಳವನು’ ಎಂಬ ಗುಣವಾಚಕಗಳನ್ನು ಬಿಟ್ಟು, ಮಾಡಿದ ಕೆಲಸವನ್ನು ಬರೆಯಿರಿ: ಎಲ್ಲಿ, ಎಷ್ಟು ಕಾಲ, ಎಷ್ಟು ಜನರ ನಡುವೆ, ಫಲವೇನಾಯಿತು. ಸಂಘದ ಲೆಕ್ಕ, ತಂದೆಯ ಗೂಡಿನ ವ್ಯಾಪಾರದ ಲೆಕ್ಕ, ಧರ್ಮಕೇಂದ್ರದ ಹಬ್ಬದ ಖರ್ಚಿನ ಪಟ್ಟಿ, ಇವೆಲ್ಲ ಕೆಲಸಗಳೇ. ಓದು ಮುಗಿದ ಮೇಲೆ ಒಂದು ವರ್ಷ ಖಾಲಿಯಿದ್ದರೆ ಖಾಲಿಯಿತ್ತೆಂದೇ ಹೇಳಿ. ಮನೆಯಲ್ಲಿ ಕಾಯಿಲೆಯಿದ್ದವರನ್ನು ನೋಡಿಕೊಂಡಿದ್ದರೆ ಅದರಲ್ಲಿ ನಾಚಿಕೆಯೇನಿದೆ? ಸಾಲದ ಶಿಸ್ತನ್ನೂ ಮರೆಯಬೇಡಿ. ಸೇರ್ಪಡೆಯ ಹೊತ್ತಿಗೆ ಅಭ್ಯರ್ಥಿಯ ಸಾಲದ ಚರಿತ್ರೆ ಚೆನ್ನಾಗಿರಬೇಕೆಂಬ ಷರತ್ತು 2023ರಿಂದೀಚಿನ ಪ್ರಕಟಣೆಗಳಲ್ಲಿ ಕಾಣಿಸಿಕೊಂಡಿದೆ. ಮೊಬೈಲಿಗೆ ಮಾಡಿದ ಸಾಲದ ಕಂತನ್ನು ಅಲಕ್ಷಿಸಿದವನು ಇತರರ ಸಾಲ ವಸೂಲಿಗೆ ಹೇಗೆ ಹೋದಾನು? ಇನ್ನು ಕನ್ನಡದ ಮಕ್ಕಳು ಭಾಷೆಯ ಕಾರಣಕ್ಕೆ ಹಿಂಜರಿಯಬೇಕಾಗಿಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರ 2019ರಲ್ಲಿ ಬಂತು. ಸಾರ್ವಜನಿಕ ರಂಗದ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಗಳಿಗೂ ಅಂಥದೇ ಸೂಚನೆ ಮುಂದೆ ದೊರೆಯಿತು. ಊರ ಜನರ ಭಾಷೆ ಬಲ್ಲವರು ಕೌಂಟರಿನ ಹಿಂದೆ ಇರಬೇಕೆಂಬುದು ಅವರ ಮೇಲಿನ ದಯೆಯಲ್ಲ; ಖಾತೆದಾರರಿಗೆ ಸಲ್ಲಬೇಕಾದ ಸೇವೆ.

ತಾಯಿತಂದೆಯರಿಗೂ ಒಂದು ಮಾತು. ಹಣ ಕೊಟ್ಟರೆ ಬ್ಯಾಂಕಿನ ಕೆಲಸ ಕೊಡಿಸುವೆನೆಂದು ಬರುವವನನ್ನು ಬಾಗಿಲಲ್ಲಿಯೇ ನಿಲ್ಲಿಸಿರಿ. ತೋಟ ಅಡವಿಟ್ಟು ಹಣ ಕೊಟ್ಟವರು ತೋಟವನ್ನೂ ಕಳೆದುಕೊಳ್ಳುತ್ತಾರೆ. ಮಗನ ಮನಸ್ಸಿನಲ್ಲಿ ತಂದೆಯ ಮಾತಿಗಿದ್ದ ತೂಕವನ್ನೂ ಕಳೆದುಕೊಳ್ಳುತ್ತಾರೆ.

ಬೇರೆಯವರಿಗೆ ಇಷ್ಟು ಹೇಳಿದ ಮೇಲೆ ನನ್ನ ತಪ್ಪನ್ನು ಮುಚ್ಚಿಡುವುದು ಸರಿಯಲ್ಲ. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ನಾನು ಅಷ್ಟಾಗಿ ಅರಿಯದ ಯುವಕನೊಬ್ಬನಿಗೆ ಶಿಫಾರಸು ಪತ್ರ ಬರೆದುಕೊಟ್ಟಿದ್ದೆ. ಅವನ ತಾಯಿ ಬಾಗಿಲಲ್ಲಿ ಅಳುತ್ತ ನಿಂತಿದ್ದಳು. ಪ್ರಾಮಾಣಿಕ, ಶ್ರಮಜೀವಿ, ಬಾಲ್ಯದಿಂದ ಬಲ್ಲೆ ಎಂದೆಲ್ಲ ಬರೆದೆ. ಅವನಿಗೆ ಹಣ ಮುಟ್ಟುವ ಕೆಲಸ ಸಿಕ್ಕಿತು. ಒಂದು ವರ್ಷ ತುಂಬುವುದರೊಳಗೆ ಲೆಕ್ಕದಲ್ಲಿ ವ್ಯತ್ಯಾಸ ಬಂದು ಕೆಲಸ ಹೋಯಿತು. ಅವನನ್ನು ನೇಮಿಸಿಕೊಂಡಿದ್ದವರು ನನ್ನನ್ನು ಕಾಣಲು ಬಂದರು. ಸಿಟ್ಟು ಮಾಡಲಿಲ್ಲ. ನನ್ನ ಪತ್ರವನ್ನು ಮೇಜಿನ ಮೇಲಿಟ್ಟು, “ನಿಮ್ಮ ಸಹಿ ನೋಡಿ ನಾವು ಬೇರೆ ವಿಚಾರಣೆ ಮಾಡಲಿಲ್ಲ” ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕರುಣೆಯ ಹೆಸರಿನಲ್ಲಿ ನಾನು ಬರೆದ ಸುಳ್ಳು ಆ ಯುವಕನಿಗೂ ಕರುಣೆಯಾಗಿರಲಿಲ್ಲ. ತಾನು ಹೊರಲಾರದ ಹೊರೆಯ ಕೆಳಗೆ ಅವನನ್ನು ನಿಲ್ಲಿಸಿದವನು ನಾನೇ. ಅಂದಿನಿಂದ, ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಕೆಲವರಿಗೆ ಅದು ಸಾಲದೆನಿಸುತ್ತದೆ.

ಹೊಂಗನೂರಿನ ಆ ತರುಣಿ ಅಂಗಡಿಯ ಪತ್ರವನ್ನು ಮಡಚಿ ಚೀಲದೊಳಗಿಟ್ಟುಕೊಂಡು ಹೋದಳು. ಮೂರು ದಿನಗಳ ನಂತರ ಬೇರೆ ಅರ್ಜಿಯೊಂದಿಗೆ ಬಂದಳು. ಅದರಲ್ಲಿ ಸಂಘದ ಲೆಕ್ಕದ ವಿಷಯ ನಾಲ್ಕು ಸಾಲುಗಳಲ್ಲಿತ್ತು. ನಾನು ಸಂಘದ ಪುಸ್ತಕವನ್ನು ತರಿಸಿ ನೋಡಿ, ನೋಡಿದ್ದನ್ನು ಬರೆದುಕೊಟ್ಟೆ.

ಆಮೇಲೇನಾಯಿತೆಂದು ನೀವು ಕೇಳುವಿರಿ. ಆ ಕೆಲಸ ಅವಳಿಗೆ ಸಿಗಲಿಲ್ಲ. ಅಂಥದೇ ಅಂಗಡಿ ಪತ್ರ ಕೊಟ್ಟ ಅವಳ ಗೆಳತಿಗೆ ಸಿಕ್ಕಿತು. ಇದನ್ನು ಹೇಳಲು ಅವಳ ತಾಯಿ ನನ್ನ ಬಳಿ ಬಂದಿದ್ದರು. ಆ ದಿನ ಅವರ ಕಣ್ಣುಗಳನ್ನು ಎದುರಿಸುವುದು ನನಗೆ ಸುಲಭವಾಗಿರಲಿಲ್ಲ. ಸತ್ಯ ಹೇಳಿದರೆ ಕೆಲಸ ಸಿಕ್ಕೇ ಸಿಗುತ್ತದೆಂದು ನಾನು ಅವಳಿಗೆ ಭರವಸೆ ಕೊಟ್ಟಿರಲಿಲ್ಲ, ನಿಜ. ಹಾಗೆ ಕೊಡಲು ಯಾರಿಗೂ ಅಧಿಕಾರವಿಲ್ಲ. ಫಲ ಕೊಡುವಾಗ ಮಾತ್ರ ಸತ್ಯವನ್ನು ಹಿಡಿಯಬೇಕೆಂದಾದರೆ ಅದು ಸತ್ಯದ ಮೇಲಿನ ಪ್ರೀತಿಯಾಗದೆ ಫಲದ ಮೇಲಿನ ಪ್ರೀತಿಯಾಗುತ್ತದೆ. ಆದರೆ ಈ ಮಾತನ್ನು ಊಟಕ್ಕೆ ಕೊರತೆಯಿಲ್ಲದ ನಾನು ಹೇಳುವುದಕ್ಕೂ, ಸಾಲದ ಕಂತು ಕಟ್ಟಬೇಕಾದ ಆ ತಾಯಿ ಕೇಳುವುದಕ್ಕೂ ಅಂತರವಿದೆ. ಆ ಅಂತರವನ್ನು ನಾನು ಮರೆಯುವುದಿಲ್ಲ. ಸತ್ಯ ಹೇಳಿದವರು ಒಂಟಿಯಾಗಿ ನಷ್ಟ ಹೊರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ. ಓದಿಗೆ ಪುಸ್ತಕ, ಅಭ್ಯಾಸಕ್ಕೆ ಒಂದು ಶಾಂತವಾದ ಕೋಣೆ, ಅರ್ಜಿಯನ್ನು ತಿದ್ದಿ ಓದುವ ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಇಷ್ಟನ್ನಾದರೂ ಪ್ರತಿಯೊಂದು ಧರ್ಮಕೇಂದ್ರ ಒದಗಿಸಲಾರದೇ?

ಆ ಗೆಳತಿಯನ್ನೂ ನಾನು ತೀರ್ಪಿಗೆ ನಿಲ್ಲಿಸಲಾರೆ. ಆದರೆ ಒಂದು ಚಿಂತೆ ನನ್ನನ್ನು ಕಾಡುತ್ತದೆ. ನಾಳೆ ಅವಳ ಮೇಲಿನವರು ತಿಂಗಳ ಗುರಿ ಕೊಡುತ್ತಾರೆ. ಓದು ಬಾರದ ಮುದುಕನೊಬ್ಬ ಠೇವಣಿ ಇಡಲು ಬಂದಾಗ, ಅವನಿಗೆ ಬೇಡದ ವಿಮೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕಾದ ಒತ್ತಡ ಬರುತ್ತದೆ. ‘ಎಲ್ಲರೂ ಹೀಗೆಯೇ ಮಾಡುತ್ತಾರೆ’ ಎಂಬ ಮಾತು ಅವಳಿಗೆ ಆಗಲೇ ರೂಢಿಯಾಗಿರುತ್ತದೆ. ಒಮ್ಮೆ ನಮಗೆ ಬಾಗಿಲು ತೆರೆದುಕೊಟ್ಟ ಸುಳ್ಳು ಹೊರಗೇ ನಿಲ್ಲುವುದಿಲ್ಲ. ನಮ್ಮ ಹಿಂದೆಯೇ ಒಳಗೆ ಬಂದು ಕೂರುತ್ತದೆ.

ಹೊಂಗನೂರಿನ ಆ ತರುಣಿ ಈಗ ಹಾಲು ಉತ್ಪಾದಕರ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತ, ಸಂಜೆ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ಈ ಸಲ ಕೈಯಾರೆ ಬರೆಯಬೇಕಾದ ಆ ಘೋಷಣೆಯನ್ನು ಬರೆದು ಕಳುಹಿಸಿದ ದಿನ ನನಗೆ ದೂರವಾಣಿ ಮಾಡಿದ್ದಳು. “ಮೂರು ಸಲ ಬರೆದೆ ಫಾದರ್, ಅಕ್ಷರ ಚೆನ್ನಾಗಿ ಬರಲಿಲ್ಲ. ಆದರೆ ಬರೆಯುವಾಗ ಕೈ ನಡುಗಲಿಲ್ಲ” ಎಂದಳು. ಫಲಿತಾಂಶ ಇನ್ನೂ ಬಂದಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಇಂದು ಇಂಥದೊಂದು ಹಾಳೆ ಮೇಜಿನ ಮೇಲಿದ್ದರೆ, ಮಗಳ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಏನನ್ನು ಹೆಚ್ಚಿಸಿ ಬರೆದಿದ್ದಾಳೆಂದು ಹುಡುಕುವ ಮೊದಲು, ಏನನ್ನು ಬರೆಯಲು ಮರೆತಿದ್ದಾಳೆಂದು ಕೇಳಿ. ಅವಳು ಮಾಡಿದ ಕೆಲಸವನ್ನು ಕೆಲಸವೆಂದು ನೀವು ಮೊದಲು ಒಪ್ಪಿಕೊಂಡರೆ, ಮಾಡದ ಕೆಲಸದ ಪತ್ರಕ್ಕಾಗಿ ಅವಳು ಬೇರೆಯವರ ಅಂಗಡಿಗೆ ಹೋಗಬೇಕಾಗುವುದಿಲ್ಲ.